ಬೆಳ್ಳಿ ಗಣಿಯ ಸೀಮೆಯಿಂದ ಕೆಜಿಎಫ್ ಹುಡುಗನಿಗೆ

ಗೆಳೆಯಾ,

ಹೋದ ಸಲ ಫೋನಿನಲ್ಲಿ ನೀನು "ಪ್ರಾಗ್ ಬಿಟ್ರೆ ಅಲ್ಲಿ ನೋಡೋಕೆ ಇನ್ನೇನೋ ಇದೆ?" ಅಂತ ಕೇಳಿದ್ದೆ. ಆಗ ನಾನು ಏನೋ ಹಾರಿಕೆ ಉತ್ತರ ಕೊಟ್ಟು ಫೋನ್ ಇಟ್ಟೆ. ಇವತ್ತು ಭಾನುವಾರ, ಹೊರಗೆ ಸಣ್ಣಗೆ ಹಿಮ ಬೀಳುತ್ತಿದೆ, ಎಲ್ಲಿಗೂ ಹೋಗುವ ಹಾಗಿಲ್ಲ. ಕೂತು ಬರೆಯುತ್ತಿದ್ದೇನೆ.

ಚೆಕ್ ದೇಶದಲ್ಲಿ ನಾನಿರುವ ಕೊಲೀನ್ ಪಟ್ಟಣದಿಂದ ರೈಲು ಹತ್ತಿದರೆ ಹತ್ತು ನಿಮಿಷಕ್ಕೆ ಕುಟ್ನಾ ಹೋರಾ. ಅದು ಪಕ್ಕದ 'ಒಕ್ರೆಸ್'ನ ದೊಡ್ಡ ಊರು. ಒಕ್ರೆಸ್ ಅಂದರೆ ಜಿಲ್ಲೆ ಅನ್ನಬಹುದು, ಆದರೆ ಜನ ನೋಡಿದರೆ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟೂ ಇಲ್ಲ. ಒಟ್ಟು 75 ಸಾವಿರದ ಆಸುಪಾಸು. ಅಷ್ಟು ಜನಕ್ಕೆ 88 ಊರಾಡಳಿತ! ನೂರು ಜನರ ಹಳ್ಳಿಗೂ ಸ್ವಂತ ಸ್ಟಾರೋಸ್ಟಾ, ಅಂದರೆ ಊರಿನ ಅಧ್ಯಕ್ಷ, ಇರುತ್ತಾನೆ. ನಮ್ಮಲ್ಲಾದರೆ ನಾಲ್ಕೈದು ಹಳ್ಳಿ ಸೇರಿಸಿ ಒಂದು ಪಂಚಾಯ್ತಿ ಮಾಡುತ್ತಾರೆ. ಇಲ್ಲಿ ಪಕ್ಕದ ಊರಿನ ಜೊತೆ ಸೇರು ಅಂದರೆ ಯಾರೂ ಒಪ್ಪುವುದಿಲ್ಲ. ಇನ್ನೊಂದು ತಮಾಷೆ ಗೊತ್ತಾ? ಡಿಸಿ ಆಫೀಸಿನಂಥ ಜಿಲ್ಲಾ ಕಚೇರಿಗಳನ್ನು ಇವರು 2002ರ ಕೊನೆಗೆ ಮುಚ್ಚಿಬಿಟ್ಟರು. ಕೆಲಸವೆಲ್ಲ ದೊಡ್ಡ ಊರುಗಳ ಕಚೇರಿಗೆ, ಪ್ರಾಂತ್ಯದ ಕಚೇರಿಗೆ ಹೋಯಿತು. ಕೋರ್ಟು, ಪೊಲೀಸು, ಅಂಕಿಅಂಶದಂಥ ಕೆಲಸಕ್ಕೆ ಮಾತ್ರ ಒಕ್ರೆಸ್ ಉಳಿದಿದೆ. ಆದರೂ ಜನ "ನಮ್ದು ಕುಟ್ನಾ ಹೋರಾ ಒಕ್ರೆಸ್" ಅಂತಲೇ ಹೇಳುತ್ತಾರೆ.

ಈ ಸೀಮೆ ಬಗ್ಗೆ ನಿನಗೇ ಬರೆಯುವುದಕ್ಕೆ ಕಾರಣ ಇದೆ. ಇದು ಗಣಿ ಊರು ಕಣೋ.

700 ವರ್ಷದ ಹಿಂದೆ ಇಲ್ಲಿ ಬೆಳ್ಳಿ ಸಿಕ್ಕಿತು. ಒಬ್ಬ ಸನ್ಯಾಸಿ ಗುಡ್ಡದ ಮೇಲೆ ಮಲಗಿದ್ದನಂತೆ, ಎದ್ದು ನೋಡಿದರೆ ಪಕ್ಕದಲ್ಲೇ ಬೆಳ್ಳಿ. ಜಾಗ ಮರೆಯಬಾರದು ಅಂತ ತನ್ನ ನಿಲುವಂಗಿಯನ್ನು, ಅಂದರೆ 'ಕುಟ್ನಾ'ವನ್ನು, ಅಲ್ಲೇ ಹಾಸಿ ಬಂದನಂತೆ. ಹೆಸರು ಬಂದಿದ್ದು ಹಾಗೆ ಅಂತ ಕಥೆ. ಗಣಿ ತೋಡುವುದಕ್ಕೆ ಚೆಕ್ ಭಾಷೆಯಲ್ಲಿ 'ಕುಟಾನಿ' ಅನ್ನುತ್ತಾರೆ, ಅದರಿಂದ ಬಂದಿದ್ದು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ, ಆದರೆ ಹೇಳುವುದಕ್ಕೆ ಮೊದಲನೆಯದೇ ಚೆಂದ. 1300ರಲ್ಲಿ ರಾಜ ಎರಡನೇ ವಾತ್ಸ್ಲಾವ್ ಗಣಿಗಳಿಗೆ ಕಾನೂನು ಬರೆಸಿದ. ಇಟಲಿಯಿಂದ ನಾಣ್ಯದ ಕೆಲಸಗಾರರನ್ನು ಕರೆಸಿ 'ಪ್ರಾಗ್ ಗ್ರೋಶ್' ಅನ್ನುವ ಬೆಳ್ಳಿ ನಾಣ್ಯ ಹೊಡೆಸಿದ. ಹೆಸರು ಪ್ರಾಗಿನದು, ಹೊಡೆದಿದ್ದು ಮಾತ್ರ ಇಲ್ಲಿ. ಆ ಟಂಕಸಾಲೆ ಕಟ್ಟಡವನ್ನು ಇವತ್ತಿಗೂ 'ಇಟಾಲಿಯನ್ ಅಂಗಳ' ಅಂತಲೇ ಕರೆಯುತ್ತಾರೆ.

ಹೋದ ತಿಂಗಳು ಹಳೇ ಗಣಿಯೊಳಗೆ ಇಳಿದಿದ್ದೆ. ಬೆಳ್ಳಿ ಮ್ಯೂಸಿಯಮ್ಮಿನವರು ಬಿಳಿ ನಿಲುವಂಗಿ, ಹೆಲ್ಮೆಟ್ಟು, ಲೈಟು ಕೊಡುತ್ತಾರೆ. ಬಿಳಿಯೇ ಯಾಕೆ ಅಂದರೆ ಕತ್ತಲಲ್ಲಿ ಬಿದ್ದವನು ಬೇಗ ಕಣ್ಣಿಗೆ ಬೀಳಲಿ ಅಂತ. ಹಿಂದಿನವರು ಅದರ ಮೇಲೆ ಸೊಂಟಕ್ಕೆ ಚರ್ಮದ ತುಂಡು ಕಟ್ಟಿಕೊಳ್ಳುತ್ತಿದ್ದರು. ಮುಂದೆ ಅಲ್ಲ, ಹಿಂದೆ! ಇಳಿಜಾರಿನಲ್ಲಿ ಅದರ ಮೇಲೆ ಕೂತು ಜಾರಿಕೊಂಡು ಹೋಗುವುದಕ್ಕೆ. ಒಳಗೆ ಎರಡೂ ಭುಜ ಕಲ್ಲಿಗೆ ಉಜ್ಜುತ್ತದೆ. ತಲೆ ಬಗ್ಗಿಸಿಯೇ ನಡೆಯಬೇಕು. ಒಂದು ಕಡೆ ಗೈಡ್ ಎಲ್ಲರ ಲೈಟ್ ಆರಿಸಲು ಹೇಳಿದ. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಆಗ ನಿಮ್ಮಪ್ಪ ನೆನಪಾದರು. ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಶಿಫ್ಟ್ ಮುಗಿಸಿ ಬಂದು, ಜಗಲಿ ಮೇಲೆ ಮಾತಿಲ್ಲದೆ ಬಿಸಿಲಿಗೆ ಮುಖ ಒಡ್ಡಿ ಕೂರುತ್ತಿದ್ದರಲ್ಲ, ಅದು.

ಇಲ್ಲಿನ ಒಂದು ಗಣಿಯ ಹೆಸರು 'ಓಸೆಲ್', ಅಂದರೆ ಕತ್ತೆ. ಆ ಕಾಲಕ್ಕೇ ಸುಮಾರು 500 ಮೀಟರ್ ಆಳ ಹೋಗಿತ್ತು ಅಂತ ಗೈಡ್ ಹೆಮ್ಮೆಯಿಂದ ಹೇಳಿದ. ನಾನು ಸುಮ್ನಿರಲಾರದೆ, "ನಮ್ಮ ಕಡೆ ಒಂದು ಗಣಿ 3 ಕಿಲೋಮೀಟರಿಗಿಂತ ಆಳ" ಅಂದೆ. ಅವನು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ನಕ್ಕ. ನಂಬಲಿಲ್ಲ ಅನ್ನುವುದು ಗೊತ್ತಾಯಿತು.

ಗಣಿಯವರ ದೇವತೆ ಸಂತ ಬಾರ್ಬೊರಾ. ಅವಳ ಚರ್ಚ್ ಶುರು ಮಾಡಿದ್ದು 1388ರಲ್ಲಿ, ಮುಗಿದಿದ್ದು 1905ರಲ್ಲಿ. ನಮ್ಮ ಬಿಡಿಎ ಫ್ಲೈಓವರ್ ಬಗ್ಗೆ ಇನ್ನು ಮೇಲೆ ನಾನು ಬೈಯುವುದಿಲ್ಲ ಬಿಡು. ಒಳಗೆ ಬಿಳಿ ಅಂಗಿ ತೊಟ್ಟ ಗಣಿ ಕೆಲಸಗಾರನದೇ ಒಂದು ಪ್ರತಿಮೆ ಇದೆ. ರಾಜನಲ್ಲ, ಸಂತನಲ್ಲ, ಕೂಲಿಯವನು. ಟೂರಿಸ್ಟ್‌ಗಳು ಮಾತ್ರ ಸ್ಟೇಷನ್ ಹತ್ತಿರದ ಸೆಡ್ಲೆಟ್ಸ್‌ನಲ್ಲಿ ಮೂಳೆಗಳಿಂದ ಅಲಂಕಾರ ಮಾಡಿದ ಚಾಪೆಲ್ ನೋಡಿ, ಮುಂದಿನ ರೈಲಿಗೆ ಪ್ರಾಗಿಗೆ ವಾಪಸ್. ಪ್ಲೇಗಿನಲ್ಲಿ, ಯುದ್ಧದಲ್ಲಿ ಸತ್ತ ಸಾವಿರಾರು ಜನರ ಮೂಳೆ ಅವು. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಸುತ್ತಲಿನ ಊರುಗಳ ಹೆಸರು ಕೇಳಿದರೂ ಗಣಿಯ ಹೊಗೆ ವಾಸನೆ ಬರುತ್ತದೆ. ಉಹ್ಲಿರ್ಝ್‌ಸ್ಕೆ ಯಾನೊವಿಟ್ಸೆ ಅಂತ ಒಂದು ಪಟ್ಟಣ. (ಹೇಳಲು ಬಂತಾ? ನನಗೆ ಮೂರು ತಿಂಗಳು ಬೇಕಾಯಿತು.) 'ಉಹ್ಲೀರ್ಝ್' ಅಂದರೆ ಇದ್ದಿಲು ಸುಡುವವನು. ಬೆಳ್ಳಿ ಕರಗಿಸಲು ಇದ್ದಿಲು ಬೇಕಲ್ವಾ? ಬೆಳ್ಳಿ ಇದ್ದ ಕಡೆ ಜಗಳವೂ ಇತ್ತು. ಮಲೆಶೋವ್ ಅನ್ನುವ ಸಣ್ಣ ಊರಿನ ಹತ್ತಿರ 1424ರಲ್ಲಿ ಯಾನ್ ಜಿಷ್ಕಾ ಅನ್ನುವ ಸೇನಾಪತಿ ಕಲ್ಲು ತುಂಬಿದ ಬಂಡಿಗಳನ್ನು ಇಳಿಜಾರಿನಿಂದ ಶತ್ರುಗಳ ಮೇಲೆ ಉರುಳಿಸಿ ಗೆದ್ದ. ಆಗ ಅವನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. 1910ರಲ್ಲಿ ಚಾಸ್ಲಾವ್ ಪಟ್ಟಣದ ಚರ್ಚಿನಲ್ಲಿ ಸಿಕ್ಕ ತಲೆಬುರುಡೆಯ ಚೂರು ಅವನದೇ ಅಂತ ಹೇಳುತ್ತಾರೆ. ಸಿನಿಮಾ ನಿರ್ದೇಶಕ ಮಿಲೋಶ್ ಫೋರ್ಮನ್ ಹುಟ್ಟಿದ್ದೂ ಅದೇ ಚಾಸ್ಲಾವ್‌ನಲ್ಲಿ.

ಕುಟ್ನಾ ಹೋರಾದಿಂದ ಒಂದು ಪುಟ್ಟ ರೈಲು ಕಾಡು, ಹೊಲ ದಾಟಿ ಸಾಜಾವಾ ನದಿ ದಡದ ಜ್ರುಚ್‌ಗೆ ಹೋಗುತ್ತದೆ. ಅಲ್ಲಿ ಇಳಿದರೆ ಸಾಲುಸಾಲು ಇಟ್ಟಿಗೆ ಮನೆಗಳು. ಬಾಟಾದವರು 1939ರಲ್ಲಿ ಚಪ್ಪಲಿ ಕಾರ್ಖಾನೆ ಶುರು ಮಾಡಿ ಕಟ್ಟಿಸಿದ್ದು. ಹೌದು, ಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದೆವಲ್ಲ, ಅದೇ ಬಾಟಾ. ನಮ್ಮದೇ ಕಂಪನಿ ಅಂದುಕೊಂಡಿದ್ದೆವು. ಅದರ ಮೂಲ ಚೆಕ್ ದೇಶದ ಜ್ಲೀನ್.

ಒಂದು ಪೇಚಾಟವೂ ಹೇಳಿಬಿಡುತ್ತೇನೆ. ಜೊತೆ ಕೆಲಸದವನೊಬ್ಬ ಊಟಕ್ಕೆ ಕರೆದಿದ್ದ. ಊರು ಕೋಶಿಟ್ಸೆ. ಫೋನಿನಲ್ಲಿ ಹೆಸರು ಹಾಕಿದರೆ 500 ಕಿಲೋಮೀಟರಿಗೂ ಜಾಸ್ತಿ ತೋರಿಸಿತು! ಸ್ಲೊವಾಕಿಯಾದಲ್ಲಿ ಅದೇ ಹೆಸರಿನ ದೊಡ್ಡ ನಗರ ಇದೆ. ಸರಿ, ಹೇಗೋ ಈ ಸಣ್ಣ ಕೋಶಿಟ್ಸೆ ಸೇರಿದೆ. ಬೀದಿಗೆ ಹೆಸರಿಲ್ಲ, ಬರೀ ಮನೆ ನಂಬರ್. ಅದೂ ಸಾಲಾಗಿ ಅಲ್ಲ. ಮರಿಯಾ ತೆರೇಸಾ ರಾಣಿ ಕಾಲದಲ್ಲಿ, 1770ರಲ್ಲಿ, ಮನೆಗಳಿಗೆ ನಂಬರ್ ಕೊಟ್ಟರು. ಆಮೇಲೆ ಕಟ್ಟಿದ ಮನೆಗೆಲ್ಲ ಮುಂದಿನ ನಂಬರ್, ಅದು ಎಲ್ಲೇ ಇರಲಿ. ಎಂಟರ ಪಕ್ಕ ಮೂವತ್ತೊಂದು ಇದ್ದರೆ ಅವರಿಗೆ ಏನೂ ಅನಿಸುವುದಿಲ್ಲ. ಕೈಯಲ್ಲಿ ಕೇಸರಿಬಾತ್ ಡಬ್ಬಿ ಹಿಡಿದು ಮೂರು ಸಲ ಊರು ಸುತ್ತಿದೆ. ನಾಯಿಗಳಿಗೆಲ್ಲ ಪರಿಚಯ ಆಯಿತು. ಕೊನೆಗೆ ಒಬ್ಬ ಅಜ್ಜಿ ಬೇಲಿ ಆಚೆಯಿಂದಲೇ ಕೋಲು ತೋರಿಸಿ ದಾರಿ ಹೇಳಿದಳು. ನಂಬರ್ ಅವಳಿಗೂ ಗೊತ್ತಿರಲಿಲ್ಲ, ಮನೆಯವರ ಹೆಸರು ಗೊತ್ತಿತ್ತು.

ಬೇಸಿಗೆಗೆ ಬಾ. ಜ್ರುಚ್ ರೈಲಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಅಷ್ಟರೊಳಗೆ ಒಂದು ಕೆಲಸ ಮಾಡು. ಅಪ್ಪನ ಹಳೇ ಹೆಲ್ಮೆಟ್ಟು, ಕ್ಯಾಪ್ ಲ್ಯಾಂಪು ಅಟ್ಟದ ಮೇಲೆ ಇನ್ನೂ ಇದ್ದರೆ ಒಂದು ಫೋಟೊ ತೆಗೆದು ಕಳಿಸು. ಆಗುವುದಾದರೆ ಅಪ್ಪನನ್ನೂ ಪಕ್ಕದಲ್ಲಿ ಕೂರಿಸು. ಆ ಗೈಡ್‌ಗೆ ತೋರಿಸಬೇಕು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಹಳೇ ಬೆಂಚ್ ಮೇಟ್