ರಜೆಯಲ್ಲಿ ಕೆಲಸಕ್ಕೆ ಹೊರಟಿರುವ ಮಕ್ಕಳ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಪರೀಕ್ಷೆ ಮುಗಿಯುವ ಹೊತ್ತಿಗೆ ‘ರಜೆಯಲ್ಲಿ ಎಲ್ಲಾದರೂ ಕೆಲಸಕ್ಕೆ ಹೋಗಲಾ?’ ಎಂದು ಅನೇಕ ಮಕ್ಕಳು ಮನೆಯಲ್ಲಿ ಕೇಳುತ್ತಾರೆ. ಹೋಗಲಿ, ಒಳ್ಳೆಯದೇ. ನಿಮ್ಮಲ್ಲಿ ನಮ್ಮ ಕೋರಿಕೆ ಇಷ್ಟು: ಕೆಲಸ ಕೇಳುವುದು ಮಕ್ಕಳ ಪಾಲಿಗಿರಲಿ, ಆ ಕೆಲಸ ಎಂಥದ್ದೆಂದು ವಿಚಾರಿಸುವುದು ನಿಮ್ಮ ಪಾಲಿಗಿರಲಿ. ಹೆಚ್ಚಿನ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಅಪ್ಪನೋ ಅಮ್ಮನೋ ಪರಿಚಯದವರಿಗೆ ಫೋನ್ ಮಾಡಿ ಕೆಲಸ ಗೊತ್ತುಮಾಡುತ್ತಾರೆ. ಪರಿಚಯದವರಾದ್ದರಿಂದ ಸಂಬಳ, ಸಮಯ ಕೇಳಲು ಸಂಕೋಚಪಡುತ್ತಾರೆ. ಮಗು ಹೋಗಿ ಸೇರಿದ ಮೇಲೆ ತೊಡಕುಗಳು ಒಂದೊಂದಾಗಿ ಹೊರಬರುತ್ತವೆ.

ಮೊದಲು ವಯಸ್ಸಿನ ವಿಚಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸನ್ನು ಸಾಮಾನ್ಯವಾಗಿ 15 ಎಂದೂ, ಅಪಾಯಕಾರಿ ಕೆಲಸಕ್ಕೆ 18 ಎಂದೂ ಇಟ್ಟಿದೆ. ನೀವಿರುವ ಕಡೆಯ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು, ಅದನ್ನೇ ಪಾಲಿಸಿ. ತಿರುಗುವ ಯಂತ್ರ, ರಾಸಾಯನಿಕ, ಎತ್ತರದಲ್ಲಿ ನಿಂತು ಮಾಡುವ ಕೆಲಸ, ರಾತ್ರಿ ಪಾಳಿ, ಪರವಾನಗಿ ಇಲ್ಲದೆ ವಾಹನ ಓಡಿಸುವುದು, ಇವು ಇರುವ ಕೆಲಸ ಎಷ್ಟೇ ಸಂಬಳ ಕೊಟ್ಟರೂ ಬೇಡ.

ಆಮೇಲೆ ಕ್ಯಾಲೆಂಡರ್ ಹಿಡಿದು ಮಗುವಿನ ಜೊತೆ ಕೂತುಕೊಳ್ಳಿ. ಎಂಟು ವಾರ ರಜೆ ಎಂದುಕೊಂಡರೂ ಪರೀಕ್ಷೆಯ ದಣಿವಾರಲು ಒಂದು ವಾರ, ಮೊದಲೇ ಗೊತ್ತಾಗಿರುವ ಪ್ರಯಾಣ, ಫಲಿತಾಂಶ, ಮುಂದಿನ ತರಗತಿಯ ಪ್ರವೇಶ ಎಲ್ಲ ಕಳೆದರೆ ಕೆಲಸಕ್ಕೆ ಉಳಿಯುವುದು ಐದೇ ವಾರವಿರಬಹುದು. ಮಾಲೀಕರು ಮೊದಲು ಕೇಳುವ ಪ್ರಶ್ನೆಯೇ ‘ಎಂದಿನಿಂದ ಎಂದಿನವರೆಗೆ ಬರ್ತೀಯ?’ ಎನ್ನುವುದು. ‘ನೋಡಿ ಹೇಳ್ತೀನಿ’ ಎಂದ ಹುಡುಗನಿಗಿಂತ ಎರಡು ತಾರೀಕು ಸರಿಯಾಗಿ ಹೇಳಿದ ಹುಡುಗನಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚು.

ನಡೆದೋ ಸೈಕಲ್ಲಿನಲ್ಲೋ ಅರ್ಧ ಗಂಟೆಯೊಳಗೆ ತಲುಪಬಹುದಾದ ಹದಿನೈದು ಇಪ್ಪತ್ತು ಜಾಗಗಳ ಪಟ್ಟಿಯನ್ನು ಮಗುವೇ ಬರೆಯಲಿ: ಅಂಗಡಿ, ಗ್ರಂಥಾಲಯ, ಸಸಿಗಳ ನರ್ಸರಿ, ಮುದ್ರಣದ ಕಚೇರಿ, ಮಕ್ಕಳ ಬೇಸಿಗೆ ಶಿಬಿರ. ಮೂರು ಜಾಗದಲ್ಲಿ ಕೇಳಿ ಇಲ್ಲವೆನಿಸಿಕೊಂಡು ಕೈಚೆಲ್ಲುವ ಮಕ್ಕಳೇ ಹೆಚ್ಚು, ಅದಕ್ಕೇ ಪಟ್ಟಿ ಉದ್ದವಿರಬೇಕು. ಹೋಗುವ ಹೊತ್ತೂ ಮುಖ್ಯ. ಅಂಗಡಿಗೆ ಬಾಗಿಲು ತೆರೆದು ಒಂದು ಗಂಟೆಯ ನಂತರ, ಹೋಟೆಲಿಗೆ ಮಧ್ಯಾಹ್ನದ ಊಟದ ನೂಕುನುಗ್ಗಲು ಮುಗಿದ ಮೇಲೆ. ಗಲ್ಲಾದ ಮುಂದೆ ಗಿರಾಕಿಗಳು ಸಾಲು ನಿಂತಿರುವಾಗ ಕೇಳಿದರೆ ಬರುವ ಉತ್ತರ ‘ಇಲ್ಲ’ ಎಂದೇ. ನೀವು ಜೊತೆಗೆ ಹೋದರೂ ಹೊರಗೆ ನಿಲ್ಲಿ. ಒಳಗೆ ಮಗು ಹೇಳಬೇಕಾದದ್ದು ಇಷ್ಟೇ: ‘ನಮಸ್ಕಾರ ಸರ್, ಈಗಷ್ಟೇ ಪರೀಕ್ಷೆ ಮುಗಿಸಿದ್ದೇನೆ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ, ದಿನಕ್ಕೆ ಐದು ಗಂಟೆ ಬರಬಲ್ಲೆ. ಲೆಕ್ಕ ಚೆನ್ನಾಗಿ ಬರುತ್ತದೆ. ಕೆಲಸ ಇದೆಯೇ?’ ಮನೆಯಲ್ಲಿ ಇದನ್ನು ನಾಲ್ಕು ಸಲ ಜೋರಾಗಿ ಹೇಳಿಸಿ.

ಬಯೋಡೇಟಾ ಒಂದು ಪುಟ ಸಾಕು. ‘ಶ್ರಮಜೀವಿ, ಪ್ರಾಮಾಣಿಕ’ ಎಂದು ಬರೆದರೆ ಯಾರೂ ಓದುವುದಿಲ್ಲ. ‘ಶಾಲಾ ಗ್ರಂಥಾಲಯದಲ್ಲಿ ಒಂದು ವರ್ಷ ಪುಸ್ತಕ ಕೊಡುವ, ಹಿಂಪಡೆಯುವ ದಾಖಲೆ ಬರೆದಿದ್ದೇನೆ’ ಎಂದರೆ ಓದುತ್ತಾರೆ. ಕೆಲಸ ಕೈತಪ್ಪುವುದಕ್ಕೆ ಒಂದು ಸಣ್ಣ ಕಾರಣವೂ ಇದೆ: ಹೊಸ ನಂಬರಿನಿಂದ ಬಂದ ಕರೆಯನ್ನು ಮಕ್ಕಳು ಎತ್ತುವುದೇ ಇಲ್ಲ. ಆ ಕೆಲವು ವಾರ ಎತ್ತಬೇಕು ಎಂದು ಹೇಳಿಡಿ. ಒಂದು ವಾರ ಕಳೆದರೂ ಸುದ್ದಿ ಬಾರದಿದ್ದರೆ ಒಮ್ಮೆ ಹೋಗಿ ವಿಚಾರಿಸಲಿ.

ಒಪ್ಪಿಕೊಳ್ಳುವ ಮುಂಚೆ ನೀವು ಆ ಜಾಗಕ್ಕೆ ಹೋಗಿಬನ್ನಿ. ಸಂಬಳ ಗಂಟೆಗೋ ದಿನಕ್ಕೋ, ಯಾವ ತಾರೀಕಿಗೆ ಕೈಗೆ ಬರುತ್ತದೆ, ಕೆಲಸ ಕಲಿಯುವ ದಿನಗಳಿಗೂ ಉಂಟೇ, ಸಾಮಾನು ಒಡೆದರೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆಯೇ, ಶೌಚಾಲಯ ಎಲ್ಲಿ, ಮಗುವಿನ ಮೇಲ್ವಿಚಾರಣೆ ಯಾರದು, ಇವನ್ನೆಲ್ಲ ಕೇಳಿ. ‘ಮೊದಲ ಎರಡು ವಾರ ಬರೀ ಕಲಿಕೆ, ಸಂಬಳ ಇಲ್ಲ’ ಎಂದರೆ ಐದು ವಾರದ ಕೆಲಸದಲ್ಲಿ ಹೆಚ್ಚುಕಡಿಮೆ ಅರ್ಧ ಬಿಟ್ಟಿ ದುಡಿಮೆಯಾಯಿತು, ಬೇಡವೆನ್ನಿ. ಮಾತಾದದ್ದನ್ನು ಅಂದೇ ಮೊಬೈಲಿನಲ್ಲಿ ಸಂದೇಶವಾಗಿ ಕಳುಹಿಸಿ, ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ. ತಿಂಗಳ ಕೊನೆಗೆ ಜಗಳವಾದರೆ ಕೈಯಲ್ಲಿರುವ ಆಧಾರ ಅದೊಂದೇ.

ಆನ್‌ಲೈನ್‌ನಲ್ಲಿ ಸಿಗುವ ಕೆಲಸದ ಬಗ್ಗೆ ನಮಗೆ ನಿಜವಾದ ಆತಂಕವಿದೆ. ನೋಂದಣಿ ಶುಲ್ಕ, ಠೇವಣಿ, ಕಿಟ್ ಎಂದು ಮೊದಲೇ ಹಣ ಕೇಳುವವರು ಕೆಲಸ ಕೊಡುವವರಲ್ಲ. ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಎಂಬ ಮೋಸ ನಡೆಯುವ ರೀತಿ ಹೀಗೆ: ಮೊದಲ ದಿನ ಸಣ್ಣ ಮೊತ್ತ ನಿಜವಾಗಿಯೂ ಬರುತ್ತದೆ. ನಂಬಿಕೆ ಕುದುರಿದ ಮೇಲೆ ‘ದೊಡ್ಡ ಟಾಸ್ಕ್‌ಗೆ ಮುಂಗಡ ಕಟ್ಟು’ ಎನ್ನುತ್ತಾರೆ. ಕಟ್ಟಿದ್ದನ್ನು ಬಿಡಿಸಿಕೊಳ್ಳಲು ಇನ್ನಷ್ಟು ಕಟ್ಟಬೇಕಾಗುತ್ತದೆ. ಇದಕ್ಕಿಂತ ಕೆಟ್ಟದ್ದು, ‘ನಿನ್ನ ಖಾತೆಗೆ ಹಣ ಬರುತ್ತದೆ, ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಮುಂದೆ ಕಳಿಸು’ ಎಂಬ ಕೆಲಸ. ಅದು ಬೇರೆಯವರಿಂದ ಕದ್ದ ಹಣ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಮೂಲ ಅಂಕಪಟ್ಟಿ, ಮೂಲ ಗುರುತಿನ ಚೀಟಿ ಯಾರ ಬಳಿಯೂ ಬಿಟ್ಟುಬರಬಾರದು. ನಕಲು ಪ್ರತಿ ಕೊಟ್ಟು, ಅದರ ಮೇಲೆ ಯಾವ ಉದ್ದೇಶಕ್ಕೆಂದು ಬರೆಸಿ.

ಕೆಲಸ ಶುರುವಾದ ದಿನವೇ ಒಂದು ಪುಟ್ಟ ನೋಟ್‌ಬುಕ್ ಕೊಡಿ. ತಾರೀಕು, ಬಂದದ್ದು 10, ಹೊರಟದ್ದು 4, ಬಿಡುವು ಅರ್ಧ ಗಂಟೆ, ಒಟ್ಟು ಐದೂವರೆ ಎಂದು ದಿನಾ ಒಂದು ಸಾಲು. ಆರು ದಿನಕ್ಕೆ 33 ಗಂಟೆಯಾಯಿತು. ಸಂಬಳ ಸಿಕ್ಕಾಗ ಇದರೊಂದಿಗೆ ತಾಳೆ ನೋಡಲಿ.

ಮೊದಲ ವಾರ ಕಾಲು ನೋವು, ಸಿಡುಕು, ‘ನಾಳೆಯಿಂದ ಹೋಗಲ್ಲ’ ಎಲ್ಲ ಇರುತ್ತದೆ. ದಿನವಿಡೀ ಕೂತು ಓದಿದ ಮಕ್ಕಳಿಗೆ ಐದು ಗಂಟೆ ನಿಲ್ಲುವುದು ಸುಲಭವಲ್ಲ. ಮೆತ್ತನೆಯ ಅಟ್ಟೆಯ ಶೂ ಕೊಡಿ, ಒಂದು ವಾರ ತಾಳಿಕೋ ಎನ್ನಿ. ಆದರೆ ಮೈಮುಟ್ಟುವುದು, ಕೆಟ್ಟ ಮಾತು, ಒಂಟಿಯಾಗಿ ಕೂಡಿಹಾಕಿ ಬೈಯುವುದು, ಹೇಳದೆ ಹೊತ್ತು ಮೀರಿ ನಿಲ್ಲಿಸಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ತಾಳ್ಮೆಯ ಮಾತು ಬೇಡ. ಅಂದೇ ಬಿಡಿಸಿ, ‘ನಿನ್ನ ತಪ್ಪಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ದುಡಿದ ದಿನಗಳ ಸಂಬಳವನ್ನು ನೀವೇ ಹೋಗಿ ಕೇಳಿ.

ಶಾಲೆಯಿಂದ ಪರಿಚಯ ಪತ್ರ ಬೇಕಿದ್ದರೆ, ಯಾವ ಕೆಲಸ, ಯಾವ ತಾರೀಕಿನಿಂದ ಎಂದು ಬರೆದು ಮಗುವೇ ಮೂರು ದಿನ ಮುಂಚಿತವಾಗಿ ಕಚೇರಿಗೆ ತಂದುಕೊಡಲಿ.

ಇಂತಿ,
ಮುಖ್ಯ ಶಿಕ್ಷಕರು