ಮೊದಲು ತಳ, ಆಮೇಲೆ ಎಂಜಿನ್

ಆಕ್ಸ್‌ಫರ್ಡ್‌ಷೈರ್, ಇಂಗ್ಲೆಂಡ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಶ್ರೀಧರ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಇಂಗ್ಲೆಂಡಿನ ಹಳೆಯ ಎಂಜಿಬಿ ರೋಡ್‌ಸ್ಟರ್ (ಮೇಲೆ ತೆರೆದಿರುವ ಸ್ಪೋರ್ಟ್ಸ್ ಕಾರು) ಒಂದನ್ನು ಮತ್ತೆ ರಸ್ತೆಗೆ ತರಬೇಕಾದರೆ ಎಲ್ಲಿಂದ ಕೈಹಚ್ಚುತ್ತಾರೆ, ಮೊದಲು ಎಂಜಿನ್ ಇಳಿಸುವುದಲ್ಲವೇ ಎಂದು ಫೋನಿನಲ್ಲಿ ಕೇಳಿದಿರಿ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ. ಎಂಜಿನ್ ಕೆಲಸ ಕೊನೆಗೆ ಬರುತ್ತದೆ ಚಿಕ್ಕಪ್ಪ. ಮೊದಲು ಬಾಡಿ, ಅದರಲ್ಲೂ ಬಾಗಿಲಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುವ ಸಿಲ್‌ಗಳು.

ಲಾರಿ, ಜೀಪುಗಳಿಗೆ ಕೆಳಗೆ ಚಾಸಿ ಇರುತ್ತದೆ. ಮೇಲಿನ ತಗಡು ಕೊಳೆತರೂ ಭಾರ ಹೊರುವುದು ಚಾಸಿ. ಎಂಜಿಬಿಗಿಂತ ಮುಂಚಿನ ಎಂಜಿಎ ಕಾರಿಗೂ ಬೇರೆ ಚಾಸಿ ಇತ್ತು. 1962ರಲ್ಲಿ ಎಂಜಿ ಕಂಪನಿಯ ಅಬಿಂಗ್ಡನ್ ಕಾರ್ಖಾನೆ ಎಂಜಿಬಿಯನ್ನು ಹೊರತಂದಾಗ ಚಾಸಿಯನ್ನು ಬಿಟ್ಟು ಬಾಡಿಯನ್ನೇ ಪೂರ್ತಿ ಗಟ್ಟಿಯಾಗಿ ಕಟ್ಟಿತು. ಮುಚ್ಚಿದ ಕಾರಿನಲ್ಲಾದರೆ ಮೇಲಿನ ಮಾಡೂ ಭಾರದಲ್ಲಿ ಪಾಲು ಪಡೆಯುತ್ತದೆ. ರೋಡ್‌ಸ್ಟರಿಗೆ ಅಂಥ ಗಟ್ಟಿ ಮಾಡು ಇಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಕಾರು ಬಾಗದಂತೆ ಹಿಡಿದಿರುವುದು ಎರಡು ಸಿಲ್‌ಗಳು ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗ ಮಾತ್ರ. ಸಿಲ್ ಕೊಳೆತ ಕಾರಿಗೆ ಎಷ್ಟು ಒಳ್ಳೆಯ ಎಂಜಿನ್ ಕೂರಿಸಿದರೂ ವ್ಯರ್ಥ.

ಹೊರಗಿನಿಂದ ನೋಡಿದರೆ ಸಿಲ್ ಒಂದೇ ತಗಡು. ಒಳಗೆ ನಾಲ್ಕು ಭಾಗಗಳಿವೆ: ಹೊರಸಿಲ್, ಕ್ಯಾಬಿನ್ ಕಡೆಯ ಒಳಸಿಲ್, ಅವೆರಡರ ನಡುವೆ ನೆಟ್ಟಗೆ ನಿಲ್ಲುವ ಮೆಂಬ್ರೇನ್ ಎಂಬ ತಗಡು, ಇವೆಲ್ಲಕ್ಕೂ ಅಡಿಯಲ್ಲಿ ಕೋಟೆಯ ತೆನೆಯಂತೆ ಹಲ್ಲು ಹಲ್ಲಾಗಿರುವ ಕ್ಯಾಸಲ್ ರೈಲು. ಮುಂದಿನ ಚಕ್ರ ಎಸೆಯುವ ಕೆಸರು ಒಳಗೆ ಹೋಗದಿರಲೆಂದು ಮಡ್‌ಗಾರ್ಡಿನ ಒಳಗೆ ಒಂದು ಅಡ್ಡ ತಗಡು, ಅದರ ಅಂಚಿಗೆ ರಬ್ಬರು ಇರುತ್ತದೆ. ರಬ್ಬರು ಒಣಗಿ ಸೀಳಿದ ಮೇಲೆ ಕೆಸರು ಹಿಂದೆ ಜಾರಿ ಸಿಲ್‌ನ ಬಾಯಲ್ಲಿ ಕೂರುತ್ತದೆ. ಚಳಿಗಾಲದಲ್ಲಿ ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ; ಆ ಉಪ್ಪುಕೆಸರು ವರ್ಷವಿಡೀ ಪಸೆ ಹಿಡಿದಿರುತ್ತದೆ. ಹಾಗಾಗಿ ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿನ ಹಾಗೆ ಹೊರಗೆ ಬಣ್ಣ ಚೆನ್ನಾಗಿದ್ದು ಒಳಗೆ ಟೊಳ್ಳಾಗಿರುವ ಕಾರುಗಳೇ ಹೆಚ್ಚು.

ಕೊಳ್ಳುವ ಮುನ್ನ ಪರೀಕ್ಷೆ ಸುಲಭ. ಕಾರು ನಾಲ್ಕೂ ಚಕ್ರದ ಮೇಲೆ ಸಮನಾದ ನೆಲದಲ್ಲಿ ನಿಂತಿರಲಿ. ಬಾಗಿಲು ಮುಚ್ಚಿ, ಅದರ ಹಿಂದಿನ ಸಂದನ್ನು ಮೇಲಿನಿಂದ ಕೆಳಗಿನವರೆಗೆ ನೋಡಬೇಕು. ನಡು ಕುಸಿದ ಕಾರಿನಲ್ಲಿ ಮುಂಭಾಗವೂ ಹಿಂಭಾಗವೂ ಮೇಲ್ತುದಿಯಲ್ಲಿ ಒಂದರ ಕಡೆಗೊಂದು ವಾಲುತ್ತವೆ. ಹಾಗಾಗಿ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ, ಬಾಗಿಲು ಹಿಂದಿನ ಅಂಚಿಗೆ ತಾಗುತ್ತದೆ. ಆಮೇಲೆ ಸಿಲ್ ಅಡಿಯ ಜ್ಯಾಕ್ ಜಾಗದಲ್ಲಿ ಮೆಲ್ಲಗೆ ಎತ್ತಿ ಅದೇ ಸಂದನ್ನು ಮತ್ತೆ ನೋಡಬೇಕು. ಸಂದು ಬದಲಾದರೆ, ತಗಡು ಕರಕರ ಎಂದರೆ, ಸಿಲ್‌ನಲ್ಲಿ ಜೀವವಿಲ್ಲ ಎಂದರ್ಥ. ಇನ್ನೊಂದು ಗುರುತು: ಮುಂದಿನ ಮಡ್‌ಗಾರ್ಡ್ ಸಿಲ್‌ಗೆ ಸೇರುವಲ್ಲಿ ಜೋಡಣೆಯ ಗೆರೆ ಕಾಣಬೇಕು. ಆ ಗೆರೆಯೇ ಇಲ್ಲದೆ ಎಲ್ಲ ನುಣ್ಣಗಿದ್ದರೆ ಕೊಳೆತ ಸಿಲ್ ಮೇಲೆ ಹೊಸ ತಗಡು ಹೊದಿಸಿ ಪುಟ್ಟಿ ಬಳಿದಿದ್ದಾರೆ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜಾರಿಸಿದರೆ ಪುಟ್ಟಿ ಇರುವಲ್ಲಿ ಅದು ಹಿಡಿಯುವುದಿಲ್ಲ. ಹೀಗೆ ಹೊದಿಸಿ ಮಾರುವುದು ನನ್ನ ಪ್ರಕಾರ ಕೂರುವವರ ಜೀವದ ಜೊತೆ ಆಡುವ ಆಟ.

ಇನ್ನು ಕತ್ತರಿಸುವ ಕೆಲಸ. ಇಲ್ಲಿ ಅವಸರ ಮಾಡಿದರೆ ಕಾರು ಶಾಶ್ವತವಾಗಿ ಸೊಟ್ಟಗಾಗುತ್ತದೆ. ಸ್ಟ್ಯಾಂಡುಗಳನ್ನು ಕಾರಿನ ನಡುವೆ ಇಡಕೂಡದು. ಮುಂದೆ ಸಸ್ಪೆನ್ಶನ್ ಅಡ್ಡತೊಲೆಯ ಹತ್ತಿರ, ಹಿಂದೆ ಕಮಾನುಪಟ್ಟಿ (ಲೀಫ್ ಸ್ಪ್ರಿಂಗ್) ಹಿಡಿಯುವ ಜಾಗದ ಹತ್ತಿರ, ಅಂದರೆ ಚಕ್ರಗಳು ಭಾರ ಹೊರುವ ಕಡೆಯೇ ಇಟ್ಟು, ಮಟ್ಟಗೋಲಿನಿಂದ ಅಡ್ಡಕ್ಕೂ ಉದ್ದಕ್ಕೂ ಸಮ ಮಾಡಬೇಕು. ಬಾಗಿಲ ಸಂದು ಸರಿಯಾಗಿ ಕೂತ ಮೇಲೆ ಬಾಗಿಲು ಬಿಚ್ಚಿ, ಕೀಲಿನ ಕಂಬದಿಂದ ಚಿಲಕದ ಕಂಬಕ್ಕೆ 25 ಮಿ.ಮೀ. ಚೌಕ ಪೈಪು ಅಡ್ಡ ಕೊಟ್ಟು, ಮೂಲೆಯಿಂದ ಮೂಲೆಗೆ ಇನ್ನೊಂದು ಪೈಪು ಬೆಸೆಯಬೇಕು. ಸಿಲ್‌ಗೆ ಕಟರ್ ತಾಗಿಸುವುದು ಅದಾದ ಮೇಲೆಯೇ. ಎರಡೂ ಕಡೆ ಒಟ್ಟಿಗೆ ಕತ್ತರಿಸಲೇಬಾರದು. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ.

ಹೊರಸಿಲ್ ಬಾಗಿಲಿನಷ್ಟೇ ಉದ್ದವಲ್ಲ, ಮುಂದೆ ಹಿಂದೆ ಎರಡೂ ಮಡ್‌ಗಾರ್ಡಿನ ಒಳಕ್ಕೆ ಹೋಗುತ್ತದೆ. ಮುಂದಿನ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದರೆ ಬರುತ್ತದೆ. ಹಿಂದಿನದರ ಕೆಳತುದಿಯನ್ನು ಕತ್ತರಿಸಿ ಕೊನೆಗೆ ಹೊಸ ತುಂಡು ಹಾಕಬೇಕು. ಅದನ್ನು ಕತ್ತರಿಸದೆ ಬಾಗಿಲಿನಷ್ಟುದ್ದ ಮಾತ್ರ ಹೊಸ ಸಿಲ್ ಹಾಕಿದರೆ ಎರಡು ತುದಿಯಲ್ಲೂ ಕೊಳೆತ ತಗಡಿಗೇ ಬೆಸೆದಂತಾಗುತ್ತದೆ. ಕ್ರಮ ಹೀಗೆ: ಒಳಸಿಲ್, ಕ್ಯಾಸಲ್ ರೈಲು, ಮೆಂಬ್ರೇನ್, ಕೊನೆಗೆ ಹೊರಸಿಲ್. ಹೊರಸಿಲ್ ಅನ್ನು ಮೊದಲು ಕ್ಲ್ಯಾಂಪಿನಲ್ಲಿ ಹಿಡಿದು, ಬಾಗಿಲು ಮಡ್‌ಗಾರ್ಡು ತೂಗುಹಾಕಿ ಸಂದು ನೋಡಿ, ಸರಿ ಎನಿಸಿದ ಮೇಲೆ ಬೆಸೆಯಬೇಕು. ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡ್ ಇತ್ತು. ಮನೆಯ ಶೆಡ್ಡಿನಲ್ಲಿ ಮಿಗ್ ಎಂಬ ಬೆಸುಗೆ ಮೆಷಿನ್, 0.6 ಮಿ.ಮೀ. ತಂತಿ, ಆರ್ಗಾನ್ ಬೆರೆತ ಗ್ಯಾಸ್ ಸಾಕು. ಮೇಲಿನ ತಗಡಿನ ಅಂಚಿಗೆ 6 ಮಿ.ಮೀ. ತೂತುಗಳನ್ನು ಸುಮಾರು ಇಂಚಿಗೊಂದರಂತೆ ಕೊರೆದು, ಕೆಳಗಿನ ತಗಡಿಗೆ ಸತುವಿನ ಪ್ರೈಮರ್ ಬಳಿದು, ತೂತಿನೊಳಗೆ ಬೆಸುಗೆ ತುಂಬುತ್ತಾರೆ. ಒಂದೇ ಕಡೆ ಸಾಲಾಗಿ ಬೆಸೆದರೆ ಶಾಖಕ್ಕೆ ತಗಡು ಅಲೆಯಾಗುತ್ತದೆ. ಈ ತುದಿಯಲ್ಲಿ ಎರಡು, ಆ ತುದಿಯಲ್ಲಿ ಎರಡು, ನಡುವೆ ಎರಡು ಎಂದು ಹಾರಿ ಹಾರಿ ಹಾಕಬೇಕು.

ತಳದಲ್ಲೇ ಇನ್ನೂ ನೋಡಬೇಕಾದ ಜಾಗಗಳಿವೆ. ಸೀಟಿನ ಹಿಂದೆ ನೆಲದ ಕೆಳಗೆ ತೂಗುವ ಬ್ಯಾಟರಿ ತೊಟ್ಟಿಲುಗಳು ಆಸಿಡ್ಡಿಗೆ ತಿಂದುಹೋಗಿರುತ್ತವೆ. ಹಿಂದಿನ ಕಮಾನುಪಟ್ಟಿ ಹಿಡಿಯುವ ಜಾಗ ಕೊಳೆತಿದ್ದರೆ ಬೇರೆ ಯಾವ ಲೆಕ್ಕಕ್ಕೂ ಮುಂಚೆ ಅದನ್ನು ಕಟ್ಟಬೇಕು. ಗಾಜಿನ ಮುಂದಿನ ಗಾಳಿ ಜಾಲರಿಯ ಕೆಳಗೆ ನೀರು ಹರಿದುಹೋಗಲು ಒಂದು ರಬ್ಬರ್ ನಳಿಕೆ ಇದೆ. ಅದಕ್ಕೆ ಎಲೆ ಸಿಕ್ಕಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ನಳಿಕೆ ಸ್ವಚ್ಛ ಮಾಡುವುದು ಐದು ನಿಮಿಷದ ಕೆಲಸ, ಆದರೂ ಎಷ್ಟೋ ಕಾರುಗಳಲ್ಲಿ ಯಾರೂ ಮುಟ್ಟಿರುವುದಿಲ್ಲ.

ಎಲ್ಲ ಕಡೆಯೂ ಕೊಳೆತಿದ್ದರೆ ಹೊಸ ಬಾಡಿಯೇ ಸಿಗುತ್ತದೆ. ವಿಟ್ನಿಯಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಹಳೆಯ ಅಚ್ಚುಗಳನ್ನೇ ಬಳಸಿ 1988ರಿಂದ ಎಂಜಿಬಿಗೆ ಪೂರ್ತಿ ಬಾಡಿ ಮಾಡಿ ಕೊಡುತ್ತಿದೆ. 1980ರಲ್ಲಿ ನಿಲ್ಲುವವರೆಗೆ, ಮುಚ್ಚಿದ ಜಿಟಿ ಮಾದರಿಯೂ ಸೇರಿ, 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದಕ್ಕೇ ಬೋಲ್ಟಿನಿಂದ ಬಾಗಿಲವರೆಗೆ ಬಿಡಿಭಾಗ ಇಂದಿಗೂ ಸಿಗುತ್ತದೆ. ಮೊದಲ ಸಲ ಈ ಹವ್ಯಾಸಕ್ಕೆ ಇಳಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬಣ್ಣ ಒಣಗಿದ ಮೇಲೆ ಸಿಲ್ ಒಳಗೆ ಮೇಣ ಸಿಂಪಡಿಸಬೇಕು, ಉದ್ದ ಕೊಳವೆ ತೂರಿಸಿ ಎಲ್ಲ ಮೂಲೆಗೂ. ಕೆಳಗಿನ ನೀರು ಬಸಿಯುವ ತೂತುಗಳು ಮೇಣದಿಂದ ಮುಚ್ಚಿಹೋಗಿರುತ್ತವೆ, ಮರುದಿನ ತಂತಿಯಿಂದ ಬಿಡಿಸಬೇಕು.

ಈಗ ನೀವು ಕೇಳಿದ ಎಂಜಿನ್‌ಗೆ ಬರುತ್ತೇನೆ. 1798 ಸಿಸಿ, ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಅಗಲ) 80.26 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ. ಮೊದಮೊದಲಿನವಕ್ಕೆ ಕ್ರ್ಯಾಂಕಿಗೆ ಮೂರು ಬೇರಿಂಗ್, 1964ರ ಕೊನೆಯಿಂದ ಐದು. ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಶರ್ ಚದರ ಇಂಚಿಗೆ 50ರಿಂದ 80 ಪೌಂಡ್ ಇರಬೇಕು. ಐಡಲಿಂಗ್‌ನಲ್ಲಿ 10ರಿಂದ 25ಕ್ಕೆ ಇಳಿದರೆ ಗಾಬರಿ ಬೇಡ. ಟ್ಯಾಪೆಟ್ ಸಂದು, ಅಂದರೆ ವಾಲ್ವ್ ತುದಿಯ ತೆರಪು, 0.015 ಇಂಚು. ಅದನ್ನು ಹೊಂದಿಸಲು ನಿಮಗೆ ಗೊತ್ತಿರುವ ಒಂಬತ್ತರ ಲೆಕ್ಕವೇ, ಎರಡು ವಾಲ್ವ್‌ಗಳ ಸಂಖ್ಯೆ ಕೂಡಿದರೆ ಒಂಬತ್ತು: ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು. ಇಗ್ನಿಶನ್ ಪಾಯಿಂಟ್ ಸಂದು 0.015 ಇಂಚು, ಪ್ಲಗ್ ಸಂದು 0.025 ಇಂಚು, ಸಿಲಿಂಡರುಗಳ ಫೈರಿಂಗ್ ಕ್ರಮ 1-3-4-2.

ಹೆಡ್ ಬಿಚ್ಚಿದಾಗ ಎರಡು ಸಂಗತಿ ನೋಡಬೇಕು. ಎರಡು ಮತ್ತು ಮೂರನೆಯ ಸಿಲಿಂಡರುಗಳ ಹೊಗೆ ಒಂದೇ ಬಾಯಿಂದ ಹೋಗುವುದರಿಂದ ನಡುವಿನ ಜಾಗ ತುಂಬ ಕಾಯುತ್ತದೆ, ವಾಲ್ವ್ ಸೀಟುಗಳ ನಡುವೆ ಬಿರುಕು ಬಿಡುವುದುಂಟು. ಇನ್ನೊಂದು, 2000ದಿಂದ ಇಲ್ಲಿನ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಇಲ್ಲ. ಸೀಸ ಇಲ್ಲದಿದ್ದರೆ ಹಳೆಯ ಎಗ್ಜಾಸ್ಟ್ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ. ಟ್ಯಾಪೆಟ್ ಸಂದು ಪದೇ ಪದೇ ಕಿರಿದಾಗುವುದೇ ಅದರ ಲಕ್ಷಣ. ಹೆಡ್ ಹೇಗೂ ಕೈಯಲ್ಲಿರುವಾಗಲೇ ಗಟ್ಟಿ ಸೀಟು ಕೂರಿಸಿಬಿಡುವುದು ಒಳ್ಳೆಯದು.

ಕಾರ್ಬೊರೇಟರ್ ಎರಡು, ಎಸ್‌ಯು ಕಂಪನಿಯವು. ಐಡಲಿಂಗ್ ನಿಲ್ಲುತ್ತಿಲ್ಲವೆಂದು ಸ್ಕ್ರೂ ತಿರುಗಿಸುತ್ತಲೇ ಇರುವವರು ಬಹಳ. ಹೆಚ್ಚಿನ ಸಲ ತಪ್ಪು ಇರುವುದು ಥ್ರಾಟಲ್ ಸ್ಪಿಂಡಲ್ ಸವೆದು ಅಲ್ಲಿಂದ ಗಾಳಿ ಎಳೆಯುವುದರಲ್ಲಿ. ಸ್ಪಿಂಡಲ್ ಅಲ್ಲಾಡಿಸಿ ನೋಡಿ, ಆಟ ಇದ್ದರೆ ಅದನ್ನು ಬದಲಿಸುವವರೆಗೆ ಟ್ಯೂನಿಂಗ್ ಬೇಡ. ಟ್ಯಾಪೆಟ್, ಪಾಯಿಂಟ್, ಟೈಮಿಂಗ್ ಮುಗಿದ ಮೇಲೆ ಎರಡರ ಬಾಯಿಗೂ ರಬ್ಬರ್ ನಳಿಕೆ ಹಿಡಿದು ಗಾಳಿಯ ಸದ್ದು ಒಂದೇ ಆಗುವಂತೆ ಹೊಂದಿಸಬೇಕು. ಆಮೇಲೆ ಕಾರ್ಬೊರೇಟರಿನೊಳಗಿನ ಪಿಸ್ಟನನ್ನು ಅದರ ಪಿನ್ನಿನಿಂದ ಸುಮಾರು 0.8 ಮಿ.ಮೀ. ಎತ್ತಬೇಕು: ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಕುಸಿದರೆ ಕಡಿಮೆ, ತುಸು ಏರಿ ಮೊದಲಿನಂತಾದರೆ ಸರಿ. ಅಡಿಯ ನಟ್ಟಿನಿಂದ ಜೆಟ್ ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚು, ಮೇಲೇರಿಸಿದರೆ ಕಡಿಮೆ.

ಪೆಟ್ರೋಲ್ ಪೈಪುಗಳನ್ನು ಹಳೆಯವೇ ಇರಲಿ ಎಂದು ಬಿಡಬಾರದು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ 10 ಪ್ರತಿಶತದವರೆಗೆ ಎಥನಾಲ್ ಇರುತ್ತದೆ, ಅದು ಹಳೆಯ ರಬ್ಬರನ್ನು ಮೆದುಮಾಡಿ ಬಿರಿಸುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಎಥನಾಲ್ ತಾಳುವ ಆರ್9 ದರ್ಜೆಯ ಪೈಪು ಹಾಕಿ, 5 ಪ್ರತಿಶತದ ಪೆಟ್ರೋಲ್ ಬಳಸುವುದು ಕ್ಷೇಮ. ಬ್ರೇಕಿನ ರಬ್ಬರ್ ಪೈಪುಗಳದೂ ಅದೇ ಕಥೆ: ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ.

ವೈರಿಂಗ್‌ನಲ್ಲಿ ಒಂದೇ ಎಚ್ಚರಿಕೆ. 1967ರವರೆಗಿನ ಕಾರುಗಳಿಗೆ ಡೈನಮೋ ಇದ್ದು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಈಗಿನ ಎಲೆಕ್ಟ್ರಾನಿಕ್ ಇಗ್ನಿಶನ್ ಅಥವಾ ರೇಡಿಯೊವನ್ನು ಇದನ್ನು ನೋಡದೆ ಜೋಡಿಸಿದರೆ ತಕ್ಷಣ ಸುಟ್ಟುಹೋಗುತ್ತದೆ.

ಹುಡ್, ಅಂದರೆ ಮೇಲೆ ಮಡಿಸಿ ತೆರೆಯುವ ವಿನೈಲ್ ಹೊದಿಕೆ, ಹಾಕಲು ಬೇಸಗೆಯ ಬಿಸಿಲಿಗೆ ಕಾಯಲೇಬೇಕು. ವಿನೈಲ್ ಚಳಿಯಲ್ಲಿ ಕುಗ್ಗಿರುತ್ತದೆ. ಆಗ ಎಳೆದು ಗುಂಡಿ ಹಾಕಲು ಹೋದರೆ ಹೊಲಿಗೆ ಬಿಡುತ್ತದೆ. ಗಾಜಿನ ಚೌಕಟ್ಟು, ಬಾಗಿಲು ಗಾಜು ಎಲ್ಲ ಕೂತಮೇಲೆ, ಹುಡ್ ಬಿಸಿಲಲ್ಲಿ ಹರಡಿ ಮೆತ್ತಗಾಗಲು ಬಿಟ್ಟು, ಹಿಂದಿನ ಪಟ್ಟಿಯನ್ನು ಕೊಕ್ಕೆಗಳಿಗೆ ಸಿಕ್ಕಿಸಿ, ಮಧ್ಯರೇಖೆ ಗುರುತು ಮಾಡಿ, ಮುಂದಿನ ಕಂಬಿಗೆ ನಡುವಿನಿಂದ ಎರಡೂ ಬದಿಗೆ ಎಳೆಯುತ್ತ ಹೋಗಬೇಕು. ಒದ್ದೆ ಹುಡ್ಡನ್ನು ಮಡಿಸಿದರೆ ಬೂಷ್ಟು ಹಿಡಿಯುತ್ತದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಚಳಿಯಲ್ಲಿ ಮಡಿಸಿದರೆ ಸೀಳುತ್ತದೆ.

ಕಾಗದಪತ್ರದ ಮಾತು: 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, ಆದರೆ ಅರ್ಜಿ ಹಾಕಿ ವರ್ಗ ಬದಲಿಸಿಕೊಳ್ಳಬೇಕು. ದೊಡ್ಡ ಬದಲಾವಣೆ ಮಾಡಿರದಿದ್ದರೆ 2018ರ ಮೇ ತಿಂಗಳಿನಿಂದ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಹಾಗಿದ್ದರೂ ಮಾಡಿಸುವುದೇ ಸರಿ ಎನ್ನುವವನು ನಾನು. ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್‌ಗೆ 3000 ಮೈಲಿಗೊಮ್ಮೆ ಗ್ರೀಸ್ ಹೊಡೆಯದಿದ್ದರೆ ಅದು ಸವೆಯುತ್ತದೆ, ಎಷ್ಟು ಸವೆದಿದೆಯೆಂದು ಓಡಿಸುವವರಿಗೇ ತಿಳಿಯುವುದಿಲ್ಲ.

ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಹೊಸದು ಹಾಕಿದ್ದರೆ ಮೊದಲ ಸ್ಟಾರ್ಟ್ ಬಗ್ಗೆ ಜಾಗ್ರತೆ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ಪ್ರೆಶರ್ ಮುಳ್ಳು ಏರುವವರೆಗೆ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಐಡಲಿಂಗ್‌ಗೆ ಇಳಿಸದೆ 2000 ಆರ್‌ಪಿಎಂಗಿಂತ ಮೇಲೆ 20 ನಿಮಿಷ ಓಡಿಸಬೇಕು. ಇಲ್ಲದಿದ್ದರೆ ಕ್ಯಾಮ್ ಉಬ್ಬು ಅಂದೇ ಸವೆಯುತ್ತದೆ. ಆಯಿಲ್ 20ಡಬ್ಲ್ಯು-50, ಸತುವಿನ ಅಂಶ ಹೆಚ್ಚಿರುವುದು.

ಸಿಲ್‌ನ ನಾಲ್ಕು ಭಾಗಗಳು ಹೇಗೆ ಕೂಡುತ್ತವೆ ಎಂಬುದರ ಅಡ್ಡಕೊಯ್ತದ ಚಿತ್ರ ಬಿಡಿಸಿ ಇದರ ಜೊತೆ ಇಟ್ಟಿದ್ದೇನೆ. ಎಲ್ಲಾದರೂ ಅರ್ಥವಾಗದಿದ್ದರೆ ಫೋನ್ ಮಾಡಿ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ತಿಳಿಸಿ.

ಇಂತಿ ನಿಮ್ಮ,
ಶ್ರೀಧರ