ಅಂಕ ಹಾಕುವವರು ಯಾರು?

ಮಾನ್ಯರೇ,

ಮೆದುಳಿನ ಮಾದರಿಯ ನರಜಾಲಗಳು ‘ವಿಕಾಸ ಹೊಂದುತ್ತ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ’ ಎಂದು ಬರೆಯುವುದು ವಿಜ್ಞಾನ ಪುಟಗಳಲ್ಲಿ ರೂಢಿಯಾಗಿದೆ. ನಮ್ಮ ತಕರಾರು ಆ ‘ತಾವೇ’ ಎಂಬ ಮಾತಿನ ಮೇಲೆ.

ನರವಿಜ್ಞಾನಿ ಯೂಜೀನ್ ಇಝಿಕೆವಿಚ್ 2003ರಲ್ಲಿ ಕೊಟ್ಟ ನರಕೋಶದ ಗಣಿತ ಮಾದರಿಯನ್ನೇ ನೋಡಿ. ತಿರುಗಿಸಬೇಕಾದ ತಿರುಪು ನಾಲ್ಕೇ: ಎ, ಬಿ, ಸಿ, ಡಿ. ಇವನ್ನು 0.02, 0.2, -65, 8 ಎಂದಿಟ್ಟರೆ ಕೋಶ ಒಂದೊಂದೇ ಸ್ಪೈಕ್ (ವೋಲ್ಟೇಜಿನ ಕ್ಷಣಿಕ ಜಿಗಿತ) ಹೊಡೆಯುತ್ತದೆ. ಸಿ -50, ಡಿ 2 ಮಾಡಿದರೆ ಅದೇ ಕೋಶ ಗೊಂಚಲು ಗೊಂಚಲಾಗಿ ಹೊಡೆಯುತ್ತದೆ. ಸರಿಯಾದ ಬೆಲೆ ಹುಡುಕಲು ಜೀವವಿಕಾಸವನ್ನು ಅನುಕರಿಸುವ ಜೆನೆಟಿಕ್ ಅಲ್ಗಾರಿದಮ್ ನಾಲ್ಕು ನಾಲ್ಕು ಅಂಕಿಗಳ, ಉದಾಹರಣೆಗೆ, ನೂರು ಗುಂಪುಗಳನ್ನು ಕುರುಡಾಗಿ ಆರಿಸಿ ಓಡಿಸುತ್ತದೆ, ನಿಜವಾದ ನರಕೋಶದ ಪ್ರಯೋಗಾಲಯದ ರೆಕಾರ್ಡಿಂಗಿಗೆ ಹೋಲಿಸಿ ಮನುಷ್ಯರು ಹೇಳಿಕೊಟ್ಟ ಅಳತೆಯಂತೆ ಅಂಕ ಹಾಕುತ್ತದೆ, ಗೆದ್ದವನ್ನು ಬೆರೆಸಿ, ಕೊಂಚ ಕದಲಿಸಿ ಮತ್ತೆ ಓಡಿಸುತ್ತದೆ.

ಕೆಡುವುದು ಅಂಕದಲ್ಲಿ. ಕ್ಷಣಕ್ಷಣದ ವೋಲ್ಟೇಜ್ ವ್ಯತ್ಯಾಸವನ್ನೇ ಅಳೆದರೆ, 3 ಮಿಲಿಸೆಕೆಂಡ್ ತಡವಾದ ಸ್ಪೈಕಿಗೆ ಎರಡು ಸಲ ದಂಡ: ಇರಬೇಕಾದಲ್ಲಿ ಇಲ್ಲವೆಂದು ಒಮ್ಮೆ, ಇರಬಾರದ ಕಡೆ ಇದೆಯೆಂದು ಇನ್ನೊಮ್ಮೆ. ಏನೂ ಹೊಡೆಯದೆ ಸುಮ್ಮನೆ ಕೂತ ಕೋಶಕ್ಕೆ ಒಂದೇ ದಂಡ. ಕೆಲವು ತಲೆಮಾರುಗಳಲ್ಲೇ ಇಡೀ ಸಂತತಿ ಮೌನವಾಗಿಬಿಡಬಹುದು. ಅಲ್ಗಾರಿದಮ್ ತಪ್ಪು ಮಾಡಿಲ್ಲ, ಕೇಳಿದ್ದನ್ನೇ ಕೊಟ್ಟಿದೆ!

ಆದ್ದರಿಂದ ಸ್ಪೈಕುಗಳ ಸಂಖ್ಯೆ, ಮೊದಲ ಸ್ಪೈಕಿನ ವಿಳಂಬ, ನಡುವಿನ ಅಂತರ ಇವನ್ನು ಬೇರೆಬೇರೆಯಾಗಿ ಅಳೆಯಬೇಕು. ಕೂಡಿಸಿ ಒಂದೇ ಅಂಕ ಮಾಡಿದರೆ ಯಾವುದಕ್ಕೆಷ್ಟು ತೂಕ ಎಂಬ ಜಗಳ ಹುಟ್ಟುತ್ತದೆ. ಅದನ್ನು ತಪ್ಪಿಸಲು ಐಐಟಿ ಕಾನ್ಪುರದಲ್ಲಿ ಕಲ್ಯಾಣ್‌ಮೊಯ್ ದೇಬ್ ತಂಡ ರೂಪಿಸಿ 2002ರಲ್ಲಿ ಪ್ರಕಟಿಸಿದ, ಹಲವು ಅಂಕಗಳನ್ನು ಕೂಡಿಸದೆ ಒಟ್ಟಿಗೇ ಹೋಲಿಸುವ ಎನ್‌ಎಸ್‌ಜಿಎ-2 ಎಂಬ ಜೆನೆಟಿಕ್ ಅಲ್ಗಾರಿದಮ್ ಬಳಸಬಹುದು. ಮೊದಲ ತಲೆಮಾರೇ ಪೂರ್ತಿ ಮೌನವಾಗಿದ್ದರೆ ವೋಲ್ಟೇಜ್ ಎಷ್ಟು ಏರಿತೆಂಬುದಕ್ಕಾದರೂ ಒಂದಿಷ್ಟು ಅಂಕ ಕೊಡಿ. ಎಲ್ಲರಿಗೂ ಸೊನ್ನೆಯಾದರೆ ಆರಿಸಲು ಏನೂ ಇರುವುದಿಲ್ಲ.

ಇನ್ನೊಂದು ಕಳ್ಳದಾರಿ ಲೆಕ್ಕದ ಹೆಜ್ಜೆಯದು, ಅಂದರೆ ಕಂಪ್ಯೂಟರ್ ಒಂದೊಂದು ಸಲ ಎಷ್ಟು ಕಾಲ ಮುಂದೆ ಹೋಗಿ ಲೆಕ್ಕ ಹಾಕುತ್ತದೆ ಎಂಬುದರದು. 1 ಮಿಲಿಸೆಕೆಂಡ್ ಹೆಜ್ಜೆಯಲ್ಲಿ ಗೆದ್ದ ಮಾದರಿಯನ್ನು 0.1ರಲ್ಲಿ ಮತ್ತೆ ಓಡಿಸಿ. ನಡವಳಿಕೆ ಬದಲಾದರೆ ಅದು ಗೆದ್ದಿದ್ದು ಲೆಕ್ಕದ ದೋಷದಿಂದ.

ಗೆದ್ದ ಎರಡು ಮಾದರಿಗಳ ಸರಾಸರಿ ತೆಗೆಯುವುದಂತೂ ಬೇಡ, ಅದು ಎರಡರಂತೆಯೂ ನಡೆಯದಿರಬಹುದು. ಏಡಿ ಜಾತಿಯ ಜೀವಿಗಳ ಜಠರದ ಲಯ ಹೊಮ್ಮಿಸುವ ಪುಟ್ಟ ಜಾಲದ 2 ಕೋಟಿಗೂ ಹೆಚ್ಚು ರೂಪಗಳನ್ನು ಪ್ರಿಂಜ್, ಬುಚರ್, ಮಾರ್ಡರ್ ಎಂಬ ಸಂಶೋಧಕರು 2004ರಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷಿಸಿದಾಗ, ತೀರ ಭಿನ್ನ ಬೆಲೆಗಳ ಲಕ್ಷಗಟ್ಟಲೆ ಜಾಲಗಳು ಒಂದೇ ಬಗೆಯ ಲಯ ಕೊಟ್ಟವು.

ಮುಂದೆ ಇಂಥ ಸುದ್ದಿ ಅಚ್ಚಾಗುವಾಗ ಅಂಕ ಹಾಕಿದ್ದು ಯಾವುದಕ್ಕೆ, ತರಬೇತಿಯಲ್ಲಿ ತೋರಿಸದ ವಿದ್ಯುತ್ ಪ್ರವಾಹ ಕೊಟ್ಟು ಪರೀಕ್ಷಿಸಿದ್ದಾರೆಯೇ ಎಂಬ ಎರಡು ಸಾಲು ಸೇರಿಸಿದರೆ ಓದುಗರಿಗೆ ಉಪಕಾರ.

–ಇಬ್ಬರು ಓದುಗರು, ಬೆಂಗಳೂರು